ಹಸಿ ಬಾಣಂತಿ ಎದ್ದು ನಡೆಯುವುದು ಯಾವಾಗ?

ಮಗುವಿಗೆ ಮೂರೂವರೆ ತಿಂಗಳಾಗಿತ್ತು. ತವರಿನಿಂದ ಬಂದು ಒಂದು ವಾರ. ಒಗ್ಗರಣೆ ಘಾಟಿಗೆ ಸೀನು ಬಂತು. ಸೀನಿದ ಕೂಡಲೇ ನೈಟಿ ಒದ್ದೆಯಾಯಿತು. ಪಕ್ಕದಲ್ಲೇ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಮಗು ಅತ್ತ ಹಾಗಾಯಿತು ಎಂದು ಸುಳ್ಳು ಹೇಳಿ ಬಚ್ಚಲಿಗೆ ಓಡಿದೆ. ಓಡುವಾಗ ಇನ್ನಷ್ಟು ಸೋರಿತು.

ಆ ದಿನದವರೆಗೆ ನನ್ನ ಬಾಣಂತನ ಚೆನ್ನಾಗಿ ಆಗಿದೆ ಅಂದುಕೊಂಡಿದ್ದೆ. ಗುಬ್ಬಿ ತಾಲೂಕಿನ ನಮ್ಮೂರಲ್ಲಿ ಅಮ್ಮ ಮೂರು ತಿಂಗಳು ನನ್ನನ್ನು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಹೊಟ್ಟೆಗೆ ಹಳೇ ಪಂಚೆಯ ಬಿಗಿ ಕಟ್ಟು. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಅಮ್ಮ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ನನ್ನ ಮೈಯಲ್ಲಿ ಏನಾಗಿದೆ, ಅದು ಮತ್ತೆ ಗಟ್ಟಿಯಾಗಲು ಏನು ಮಾಡಬೇಕು ಎಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಅಮ್ಮನಿಗೂ ಯಾರೂ ಹೇಳಿರಲಿಲ್ಲ, ಪಾಪ.

ಆಮೇಲೆ ತುಮಕೂರು ಸುತ್ತಮುತ್ತ ನೆಂಟರು, ಗೆಳತಿಯರು, ಬೀದಿಯವರು ಅಂತ ಎಷ್ಟೋ ಜನರನ್ನು ಕೇಳಿದ್ದೇನೆ. ನಮ್ಮ ಕಡೆ ಎರಡು ಥರದ ಬಾಣಂತಿಯರಿದ್ದಾರೆ. ಒಬ್ಬಳನ್ನು ಏಳಲು ಬಿಡುವುದಿಲ್ಲ. ಇನ್ನೊಬ್ಬಳನ್ನು ಮಲಗಲು ಬಿಡುವುದಿಲ್ಲ. ಎಷ್ಟೋ ಸಲ ಇಬ್ಬರೂ ಒಬ್ಬಳೇ. ಮೊದಲ ಹೆರಿಗೆಗೆ ತವರಲ್ಲಿ ಮಂಚ, ಎರಡನೆಯದಕ್ಕೆ ಗಂಡನ ಮನೆಯಲ್ಲಿ ಹದಿನೈದನೇ ದಿನಕ್ಕೇ ಬಿಂದಿಗೆ. ಮಂಚಕ್ಕೂ ಬಿಂದಿಗೆಗೂ ನಡುವೆ ಮೈ ಹತ್ತಬೇಕಾದ ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳ ಬಗ್ಗೆ ನಮ್ಮ ಮನೆಗಳಲ್ಲೂ ಮಾತಿಲ್ಲ, ಆಸ್ಪತ್ರೆಗಳಲ್ಲೂ ಮಾತು ಕಡಿಮೆ. ನನ್ನ ತಕರಾರು ಇರುವುದು ಅದರ ಬಗ್ಗೆ.

ಮಂಚ ಕೊಟ್ಟದ್ದು, ಮಂಚ ಕಿತ್ತುಕೊಂಡದ್ದು

ಬಾಣಂತನವನ್ನು ಪೂರ್ತಿ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹೆರಿಗೆಯಾದ ದಿನ ಗರ್ಭಕೋಶ ಸುಮಾರು 1 ಕಿಲೋ ತೂಗುತ್ತದೆ. ಅದು 60-70 ಗ್ರಾಂಗೆ ಇಳಿಯಲು ಹತ್ತಿರ ಹತ್ತಿರ ಆರು ವಾರ ಬೇಕು. ಮಾಸು ಅಂಟಿಕೊಂಡಿದ್ದ ಜಾಗ ಒಳಗೆ ಹಸಿ ಗಾಯ. ಹೊಲಿಗೆ ಹಾಕಿದ್ದರೆ ಅದೊಂದು ಗಾಯ. ಹೀಗಿರುವಾಗ ನಮ್ಮ ಹಿರಿಯರು 'ಹಸಿ ಮೈ' ಅಂದಿದ್ದು ಎಷ್ಟು ಸರಿಯಾದ ಮಾತು! ಬೇರೆಯವರು ಅಡುಗೆ ಮಾಡಿ ಕೊಡುವುದು, ಮಗು ಮಲಗಿದಾಗ ತಾಯಿಯೂ ಮಲಗುವುದು, ದಿನಾ ಎಣ್ಣೆ ಹಚ್ಚಿ ಮೈ ತಿಕ್ಕುವುದು, ಇವೆಲ್ಲ ದುಡ್ಡು ಕೊಟ್ಟರೂ ಸಿಗದ ಆರೈಕೆ. ನಮ್ಮ ಮನೆಗೆ ಎಣ್ಣೆ-ನೀರು ಹಾಕಲು ಬರುತ್ತಿದ್ದ ಅಜ್ಜಿ ಹಂಡೆಯಿಂದ ಚೊಂಬಲ್ಲಿ ಮೊಗೆದು ಮೊಗೆದು ಸೊಂಟದ ಮೇಲೆ ಬಿಸಿನೀರು ಹೊಯ್ಯುತ್ತಿದ್ದಾಗ ಆಗುತ್ತಿದ್ದ ಸುಖ ನನಗೆ ಈಗಲೂ ನೆನಪಿದೆ. ಸಾಂಬ್ರಾಣಿ ಹೊಗೆ ಹಾಕಿ ಹೊದಿಸಿದರೆ ಎರಡು ಗಂಟೆ ಸತ್ತ ಹಾಗೆ ನಿದ್ದೆ.

ತೊಂದರೆ ಇರುವುದು ಎರಡು ಕಡೆ. ಒಂದು ನೀರು. ಇನ್ನೊಂದು ಅಲ್ಲಾಡದೆ ಮಲಗುವುದು.

'ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ, ಶೀತ ಆಗುತ್ತೆ, ನಂಜಾಗುತ್ತೆ' ಎಂದು ನನಗೆ ದಿನಕ್ಕೆ ಮೂರು ಲೋಟ ಕಾದಾರಿದ ನೀರು ಅಳೆದು ಕೊಡುತ್ತಿದ್ದರು. ಹೆರಿಗೆಯ ಹೊತ್ತಲ್ಲಿ ರಕ್ತ ಜಾಸ್ತಿ ಹೋಗಬಾರದು ಎಂದು ದೇಹ ತಾನಾಗಿಯೇ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಂಡಿರುತ್ತದೆ. ಹೆರಿಗೆಯಾದ ಮೇಲೂ ಕೆಲವು ವಾರ ಆ ಗುಣ ಉಳಿಯುತ್ತದೆ. ಮೊದಲ ಆರು ವಾರ ಅದರ ಅಪಾಯ ಹೆಚ್ಚು. ಅಂಥ ಹೊತ್ತಲ್ಲಿ ನೀರು ಕಡಿಮೆ ಮಾಡಿ, ಕಾಲು ಅಲ್ಲಾಡಿಸದೆ ಮಲಗಿಸಿದರೆ ಏನಾಗುತ್ತದೆ? ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮೆದುಳಿನ ರಕ್ತನಾಳದಲ್ಲೂ ಹೆಪ್ಪುಗಟ್ಟಬಹುದು. ತಡೆಯಲಾಗದ ತಲೆನೋವು, ಫಿಟ್ಸ್, ಒಂದು ಕಡೆ ಕೈಕಾಲು ಬಿದ್ದುಹೋಗುವುದು ಇದರ ಲಕ್ಷಣ. ಬಾಣಂತಿಯರಲ್ಲಿ ಬರುವ ಈ ಕಾಯಿಲೆಯ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಹಳ್ಳಿಗಳಲ್ಲಿ 'ಸನ್ನಿ ಹಿಡೀತು' ಎಂದು ಸುಮ್ಮನಾಗುತ್ತಿದ್ದ ಎಲ್ಲವೂ ಒಂದೇ ಕಾಯಿಲೆಯಲ್ಲ. ಅವುಗಳಲ್ಲಿ ಕೆಲವು ಇದೇ ಆಗಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈಗ ಸಿಸೇರಿಯನ್ ಆದವರನ್ನೂ ಮಾರನೇ ದಿನವೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ನರ್ಸ್ ಕೈ ಹಿಡಿದು ಎಬ್ಬಿಸುವಾಗ ಮನೆಯವರು 'ಅಯ್ಯೋ, ಹೊಲಿಗೆ ಬಿಚ್ಚಿಹೋಗುತ್ತೆ' ಎಂದು ಗಾಬರಿ ಬೀಳುತ್ತಾರೆ. ಮೆಲ್ಲಗೆ ನಡೆದರೆ ಹೊಲಿಗೆ ಬಿಚ್ಚುವುದಿಲ್ಲ. ರಕ್ತ ಓಡಾಡುತ್ತದೆ, ಗ್ಯಾಸ್ ಹೋಗುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಕಷ್ಟಪಟ್ಟು ಶುರು ಮಾಡಿದ ನಡಿಗೆ ಊರಿನ ಬಾಗಿಲು ದಾಟಿದ ಕೂಡಲೇ ನಿಂತುಹೋಗುತ್ತದೆ.

ಒಳಗಿನ ಜೋಲಿ

ನನ್ನ ಸೀನಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಸೊಂಟದ ಮೂಳೆಗಳ ನಡುವೆ, ಮುಂದಿನಿಂದ ಹಿಂದಿನವರೆಗೆ, ಒಂದು ಸ್ನಾಯುವಿನ ಹಾಸು ಇದೆ. ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತೇವಲ್ಲ, ಥೇಟ್ ಹಾಗೆ. ಮೂತ್ರದ ಚೀಲ, ಗರ್ಭಕೋಶ, ಮಲದ ದಾರಿ ಎಲ್ಲಕ್ಕೂ ಕೆಳಗಿನಿಂದ ಆಧಾರ ಅದೇ. ಒಂಬತ್ತು ತಿಂಗಳು ಭಾರ ಹೊತ್ತು ಅದು ಜಗ್ಗಿರುತ್ತದೆ. ಮಗು ಹೊರಬರುವಾಗ ಇನ್ನೂ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಆಮೇಲೆ ಕೆಮ್ಮು, ಸೀನು, ನಗು ಬಂದಾಗ ಹೊಟ್ಟೆಯೊಳಗಿನ ಒತ್ತಡವನ್ನು ಅದು ತಡೆಯಲಾರದು. ಹನಿ ಸೋರುತ್ತದೆ. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಹೀಗಾಗುವವರು ಮೂವರಲ್ಲಿ ಒಬ್ಬರು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಸಿಸೇರಿಯನ್ ಆದವರಿಗೆ ಕಡಿಮೆ, ಆದರೆ ಬರುವುದೇ ಇಲ್ಲ ಎಂದಲ್ಲ. ಮೂವರಲ್ಲಿ ಒಬ್ಬರು ಎಂದರೆ ಒಂದು ಬೀದಿಯಲ್ಲಿ ಎಷ್ಟು ಜನ! ಒಬ್ಬರೂ ಬಾಯಿ ಬಿಡುವುದಿಲ್ಲ.

ಜೋಲಿಯನ್ನು ಮತ್ತೆ ಬಿಗಿ ಮಾಡಬಹುದು. ಉಚ್ಚೆಯನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿಯುವ ಹಾಗೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಐದು ಎಣಿಸುವಷ್ಟು ಹೊತ್ತು ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡಬಾರದು, ಅದು ಒಳ್ಳೆಯದಲ್ಲ. ಮಗುವಿಗೆ ಹಾಲು ಕೊಡುತ್ತಾ ಕೂತಲ್ಲೇ ಮಾಡಬಹುದು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಒಂದು ವಾರಕ್ಕೆ ಫಲ ಕೇಳಬೇಡಿ, ಮೂರು ತಿಂಗಳು ಹಿಡಿಯುತ್ತದೆ. ಆಮೇಲೂ ಸೋರುತ್ತಿದ್ದರೆ, ಅಥವಾ ಕೆಳಗೆ ಏನೋ ಗಂಟು ಜಾರಿದ ಹಾಗೆ ಅನಿಸಿದರೆ ವೈದ್ಯರಿಗೆ ತೋರಿಸಲೇಬೇಕು. ನಮ್ಮ ಅಜ್ಜಿಯಂದಿರು ಎಷ್ಟೋ ಜನ ಗರ್ಭಕೋಶ ಜಾರಿದ್ದನ್ನು ಸಾಯುವ ತನಕ ಸೆರಗಲ್ಲಿ ಮುಚ್ಚಿಟ್ಟುಕೊಂಡು ಬದುಕಿದರು.

ಇನ್ನು ಹೊಟ್ಟೆ. ಹೊಕ್ಕುಳದ ಎಡಬಲಕ್ಕೆ ಉದ್ದಕ್ಕೂ ಇರುವ ಎರಡು ಸ್ನಾಯುಗಳು ಬಸುರಿನಲ್ಲಿ ದೂರ ಸರಿಯುತ್ತವೆ. ಮಂಡಿ ಮಡಿಸಿ ಅಂಗಾತ ಮಲಗಿ, ತಲೆ ಸ್ವಲ್ಪ ಎತ್ತಿ ಹೊಕ್ಕುಳದ ಹತ್ತಿರ ಬೆರಳಿಟ್ಟು ನೋಡಿದರೆ ಆ ಸಂದು ಕೈಗೆ ಸಿಗುತ್ತದೆ. ಎಷ್ಟೋ ಜನರಿಗೆ ಮೊದಲ ಎರಡು ತಿಂಗಳಲ್ಲಿ ಅದು ತಾನಾಗಿ ಚಿಕ್ಕದಾಗುತ್ತದೆ. ಹೊಟ್ಟೆ ಕಟ್ಟುವುದರಿಂದ ಸಂದು ಮುಚ್ಚುವುದಿಲ್ಲ, ಕೊಬ್ಬು ಕರಗುವುದಿಲ್ಲ. ಏಳುವಾಗ ಕೂರುವಾಗ ಒಂದು ಆಸರೆ ಸಿಗುತ್ತದೆ, ಸಿಸೇರಿಯನ್ ಆದವರಿಗೆ ನೋವು ಕಡಿಮೆ ಅನಿಸುತ್ತದೆ, ಅಷ್ಟೇ. ನಮ್ಮಜ್ಜಿ ಕಟ್ಟುತ್ತಿದ್ದ ಹಾಗೆ ಮಂಡಿ ಊರಿ ಜಗ್ಗಿ ಜಗ್ಗಿ ಕಟ್ಟಿದರೆ ಒತ್ತಡವೆಲ್ಲ ಕೆಳಗಿನ ಜೋಲಿಯ ಮೇಲೆ ಬೀಳುತ್ತದೆ. ಮೊಬೈಲಲ್ಲಿ ನೋಡಿ ಎರಡನೇ ತಿಂಗಳಿಗೇ ಧಡಧಡ ಎದ್ದು ಕೂರುವ ಕಸರತ್ತು ಮಾಡುವುದೂ ಅಷ್ಟೇ ತಪ್ಪು.

ಬೆನ್ನುನೋವಿನ ಕತೆ ಎಲ್ಲರಿಗೂ ಗೊತ್ತು. 'ಬೆನ್ನಿಗೆ ಸೂಜಿ ಹಾಕಿದರು, ಅವತ್ತಿಂದ ಶುರು.' ಮೈ ಮರಗಟ್ಟಲು ಕೊಡುವ ಆ ಇಂಜೆಕ್ಷನ್ನಿನಿಂದ ಕೆಲವು ದಿನ ಆ ಜಾಗ ನೋಯಬಹುದು. ವರ್ಷಗಟ್ಟಲೆ ಇರುವ ನೋವಿಗೆ ಅದು ಕಾರಣವಲ್ಲ ಎಂದು ಅಧ್ಯಯನಗಳು ತೋರಿಸಿವೆ. ಸಡಿಲವಾದ ಹೊಟ್ಟೆ, ಮೂರು ತಿಂಗಳ ಮಂಚ, ದಿಂಬಿಲ್ಲದೆ ಬಗ್ಗಿ ಕೂತು ರಾತ್ರಿಯೆಲ್ಲ ಹಾಲು ಕೊಡುವುದು ಇವುಗಳ ಕಡೆ ನೋಡುವುದು ಮೇಲು. ಸೂಜಿಯ ಮೇಲೆ ಹೊರಿಸಿದರೆ ಬೆನ್ನು ಗಟ್ಟಿ ಮಾಡಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ, ಅಲ್ವಾ? ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ ಶೇ 23.6ರಿಂದ ಶೇ 31.5ಕ್ಕೆ ಏರಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸೂಜಿಯನ್ನು ಬೈಯುವವರ ಸಂಖ್ಯೆಯೂ ಅದರ ಜೊತೆ ಏರುತ್ತಿದೆ.

ಮಲಗಲು ಬಿಡದ ಮನೆ

ಈಗ ಇನ್ನೊಬ್ಬ ಬಾಣಂತಿ. ಕೂಲಿ ಮನೆಯವಳು. ತವರಲ್ಲಿ ಅಮ್ಮನೂ ಅಡಿಕೆ ಸುಲಿಯಲು, ಕಡ್ಲೆಕಾಯಿ ಬಿಡಿಸಲು ಹೋಗಬೇಕು. ಮಗಳ ಬಾಣಂತನಕ್ಕೆ ಕೂತರೆ ದಿನದ ಕೂಲಿ ಹೋಯಿತು. ಹೀಗಾಗಿ ಒಂದು ತಿಂಗಳು ಸಿಕ್ಕರೆ ಪುಣ್ಯ. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಊರಲ್ಲಿ ಬಂದಾಗ ಹಿಡಿಯಲೇಬೇಕು. ಹದಿನೈದು ಲೀಟರಿನ ಬಿಂದಿಗೆ ಎಂದರೆ 15 ಕಿಲೋ. ಆಸ್ಪತ್ರೆಯಲ್ಲಿ 'ಮಗುಗಿಂತ ಜಾಸ್ತಿ ಭಾರ ಎತ್ತಬೇಡಮ್ಮ' ಅಂದಿರುತ್ತಾರೆ. ಮಗು 3 ಕಿಲೋ.

'ಮನೆ ಕೆಲಸ ಮಾಡಿದರೆ ಸಾಕು, ಬೇರೆ ವ್ಯಾಯಾಮ ಯಾಕೆ' ಎಂದು ಹೇಳುವವರು ಇದನ್ನು ಯೋಚಿಸಬೇಕು. ಕಸ ಗುಡಿಸುವುದು, ಬಟ್ಟೆ ಒಗೆಯುವುದು ಎಲ್ಲವೂ ಮೈ ಚಲನೆಯೇ, ನಿಜ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಮೈ ಇವತ್ತು ಎಷ್ಟು ತಡೆದುಕೊಳ್ಳುತ್ತದೆ ಎಂದು ನೋಡಿ ಒಂದೊಂದೇ ಹೆಜ್ಜೆ ಹೆಚ್ಚಿಸುವುದು ಬೇರೆ, ನೀರು ಬಂತು ಎಂದು ಇಪ್ಪತ್ತು ಬಿಂದಿಗೆ ಹೊರುವುದು ಬೇರೆ. ಅದರ ಮೇಲೆ ರಕ್ತಹೀನತೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತ ಕಡಿಮೆ. ಹೆರಿಗೆಯಾದ ಮೇಲೂ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು ಎಂದಿದೆ. ನಮ್ಮ ಬೀದಿಯಲ್ಲಿ ಅರ್ಧ ಮಾತ್ರೆಗಳು ಗೂಡಲ್ಲೇ ಉಳಿದಿರುತ್ತವೆ. ರಕ್ತವೇ ಇಲ್ಲದವಳಿಗೆ 'ವಾಕಿಂಗ್ ಮಾಡು' ಎಂದರೆ ಅವಳು ಬೈಯದೆ ಏನು ಮಾಡಿಯಾಳು?

ಗಾರ್ಮೆಂಟ್ಸ್‌ಗೆ ಹೋಗುವವರದ್ದು ಬೇರೆ ಥರ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಬಂತು. 50 ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಹೆರಿಗೆಯಾದ ಆರು ವಾರ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೇ ಅಂಶಗಳಿವೆ. ಒಳ್ಳೆಯ ಕಾನೂನು. ಆದರೆ ಅಡಿಕೆ ಸುಲಿಯುವವಳಿಗೂ ಮನೆಯಲ್ಲೇ ಹುಣಸೆಹಣ್ಣು ಬಿಡಿಸುವವಳಿಗೂ ಇದರಲ್ಲಿ ಏನೂ ಇಲ್ಲ. ಫ್ಯಾಕ್ಟರಿಗೆ ವಾಪಸ್ ಹೋದವಳಿಗೂ ಮೊದಲ ದಿನದಿಂದಲೇ ಅದೇ ಟಾರ್ಗೆಟ್. ಎಂಟು ಗಂಟೆ ಮಿಷಿನ್ ಮುಂದೆ ಬಗ್ಗಿ ಕೂತು, ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಡಿಮೆಯಾಗುತ್ತದೆ ಎಂದು ನೀರೇ ಕುಡಿಯದ ಗೆಳತಿ ನನಗಿದ್ದಾಳೆ. ಅವಳಿಗೂ ಸೋರುತ್ತದೆ. ಪ್ಯಾಡ್ ಇಟ್ಟುಕೊಂಡು ಹೋಗುತ್ತಾಳೆ.

ನಮ್ಮ ಜಿಲ್ಲೆಯ ಹೆಸರು ಕೆಡಿಸಿದ ಒಂದು ವಿಷಯವನ್ನೂ ಬಿಡುವಂತಿಲ್ಲ. ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕ ಎಂದು ಹಸಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಡುತ್ತಿದ್ದರು. 2023ರ ಜುಲೈಯಲ್ಲಿ ತುಮಕೂರು ತಾಲೂಕಿನಲ್ಲೇ ಹಾಗೆ ಗುಡಿಸಲಲ್ಲಿಟ್ಟ ಕೂಸು ಮಳೆ ಚಳಿಗೆ ಸಿಕ್ಕು ತೀರಿಹೋಯಿತು. ಅಂಥ ಗುಡಿಸಲಲ್ಲಿ ತಾಯಿಗೆ ವಿಶ್ರಾಂತಿಯೂ ಇಲ್ಲ, ಆರೈಕೆಯೂ ಇಲ್ಲ. ಹೀಗೆ ಹೊರಗಿಡುವುದು ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಆ ಹಟ್ಟಿಗಳ ಹುಡುಗಿಯರೇ ಈಗ ಇದನ್ನು ಒಪ್ಪುತ್ತಿಲ್ಲ ಎಂಬುದು ನನಗೆ ಧೈರ್ಯ ಕೊಡುವ ಸಂಗತಿ.

'ಎಲ್ಲಿಗೆ ಹೊರಟೆ?'

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು. ಬೇರೆ ತೊಂದರೆ ಇಲ್ಲದ ಬಾಣಂತಿಯರು ಮೆಲ್ಲಗೆ ಶುರು ಮಾಡಿ, ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆಗೆ ಬರಬೇಕು. ಅಂದರೆ ವಾರದಲ್ಲಿ ಐದು ದಿನ ಅರ್ಧ ಅರ್ಧ ಗಂಟೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬೀಸು ನಡಿಗೆ.

ಕೇಳಲು ಸುಲಭ. ನಮ್ಮೂರಲ್ಲಿ ಹೆಂಗಸೊಬ್ಬಳು ಸುಮ್ನೆ ನಡೆಯುವಂತಿಲ್ಲ. ಅರಳಿಕಟ್ಟೆಯಿಂದ ಒಬ್ಬರು, ಡೈರಿ ಮುಂದೆ ಒಬ್ಬರು 'ಎಲ್ಲಿಗಮ್ಮ ಹೊರಟೆ?' ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ, ನಡೆಯಲು ಬಂದೆ ಎಂದರೆ ಸಂಜೆಗೆ ಊರೆಲ್ಲ ಸುದ್ದಿ. ಬಾಣಂತಿ ಆದರಂತೂ 'ಎಳೇ ಕೂಸು ಬಿಟ್ಟು ತಿರುಗ್ತಾಳೆ'. ತುಮಕೂರು ಪೇಟೆಯಲ್ಲಿ ಅಮಾನಿಕೆರೆ ಇದೆ, ಬೆಳಿಗ್ಗೆ ನೂರಾರು ಜನ ನಡೆಯುತ್ತಾರೆ. ಅಲ್ಲೂ ಎಳೇ ಮಗುವಿನ ತಾಯಂದಿರು ಅಪರೂಪ. ಬೆಳಗಿನ ಆರು ಗಂಟೆ ಎಂದರೆ ರಾತ್ರಿಯೆಲ್ಲ ಎದ್ದಿದ್ದವಳಿಗೆ ಆಗ ತಾನೇ ಕಣ್ಣು ಹತ್ತಿರುತ್ತದೆ. ಹಾಲು ಸೋರಿ ರವಿಕೆ ಒದ್ದೆಯಾಗುತ್ತದೆ. ಮಗು ಹಿಡಿದುಕೊಳ್ಳುವವರು ಬೇಕು. ನನ್ನನ್ನು ಕೇಳಿದರೆ ಎಲ್ಲದಕ್ಕಿಂತ ದೊಡ್ಡ ಅಡ್ಡಿ ಕೊನೆಯದೇ. ಗಂಡ ಅರ್ಧ ಗಂಟೆ ಮಗು ಎತ್ತಿಕೊಂಡರೆ ಅದು ಯಾವ ವ್ಯಾಯಾಮದ ಸಲಹೆಗಿಂತಲೂ ದೊಡ್ಡ ಉಪಕಾರ.

ಸರ್ಕಾರದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಬಸುರಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಲಿ ಎಂಬ ಆಸೆ. ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ. ಬಾಣಂತಿ ಹೊಸಿಲು ದಾಟಬಾರದು ಎನ್ನುವ ಊರಲ್ಲಿ ಇದು ಕಷ್ಟವೇ. ಆದರೆ ನನಗೆ ಇದರಲ್ಲಿ ಒಂದು ಅನುಕೂಲ ಕಾಣುತ್ತದೆ. ಆರು ವಾರ ಕಳೆದ ತಾಯಿಗೆ 'ಎಲ್ಲಿಗೆ ಹೊರಟೆ' ಎಂದರೆ ಹೇಳಲು ಒಂದು ಉತ್ತರ ಸಿಗುತ್ತದೆ. ಅಂಗನವಾಡಿಗೆ. ಹೋಗುತ್ತಾ ಹತ್ತು ನಿಮಿಷ, ಬರುತ್ತಾ ಹತ್ತು ನಿಮಿಷ. ಅಲ್ಲಿ ಇನ್ನಿಬ್ಬರು ತಾಯಂದಿರು ಸಿಕ್ಕರೆ ಮಾತು. ಈ ಮಾತು ಸಣ್ಣದಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೆರಿಗೆ ನಂತರದ ಖಿನ್ನತೆ ಶೇ 22ರಷ್ಟು ತಾಯಂದಿರಲ್ಲಿತ್ತು. ನಡಿಗೆ, ಬಿಸಿಲು, ಜೊತೆ ಇದ್ದರೆ ಮನಸ್ಸು ಹಗುರವಾಗುತ್ತದೆ.

ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ನಮ್ಮ ಆಶಾ ಅಕ್ಕ ತಪ್ಪದೆ ಬಂದರು. ಮಗುವನ್ನು ತೂಗಿದರು. ಜ್ವರ ಇದೆಯಾ, ವಾಸನೆ ಇದೆಯಾ, ಹಾಲು ಸಾಕಾ ಎಂದು ಕೇಳಿದರು. ಎಲ್ಲ ಬೇಕಾದ ಪ್ರಶ್ನೆಗಳೇ. ಮೂತ್ರ ಸೋರುತ್ತದಾ, ಬೆನ್ನು ಹೇಗಿದೆ, ಎಷ್ಟು ನಡೆಯುತ್ತೀಯ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನು ಹೆತ್ತ ಆಸ್ಪತ್ರೆಯಲ್ಲೂ ಕೇಳಲಿಲ್ಲ. ಆರು ಭೇಟಿಗಳಲ್ಲಿ ಕೊನೆಯ ಎರಡಕ್ಕೆ ಈ ಮೂರು ಪ್ರಶ್ನೆ ಸೇರಿಸಿದರೆ ಖರ್ಚೇನೂ ಇಲ್ಲ. ಆಶಾಗಳಿಗೆ ಅರ್ಧ ದಿನದ ತರಬೇತಿ ಬೇಕು, ಮುಂದೆ ಕಳಿಸಲು ಫಿಸಿಯೋಥೆರಪಿ ಬಲ್ಲವರು ಬೇಕು. ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿರುವಾಗ, ಮನೆಗೆ ಕಳಿಸುವ ಮುಂಚೆ ಹತ್ತು ನಿಮಿಷ ತಾಯಿಯ ಜೊತೆ, ಅವಳ ಅಮ್ಮನ ಜೊತೆ ಕೂತು ಹೇಳುವುದು ಅಸಾಧ್ಯವಲ್ಲ. ಅಮ್ಮನಿಗೆ ಹೇಳುವುದು ಮುಖ್ಯ. ಮಂಚ ಇರುವುದು ಅವರ ಕೈಯಲ್ಲಿ.

ಹೇಳಬೇಕಾದ್ದು ಜಾಸ್ತಿ ಇಲ್ಲ. ಮೊದಲ ವಾರ ಕೋಣೆಯಿಂದ ಹಜಾರಕ್ಕೆ, ಹಾಸಿಗೆಯಲ್ಲೇ ಪಾದ ಆಡಿಸುವುದು, ಉದ್ದ ಉಸಿರು. ಬಾಯಾರಿದಷ್ಟು ನೀರು. ಆಮೇಲೆ ಹಿತ್ತಲವರೆಗೆ, ಬೀದಿಯ ಕೊನೆಯವರೆಗೆ. ಆರು ವಾರದ ತಪಾಸಣೆ ಆದ ಮೇಲೆ ಬೀಸು ನಡಿಗೆ. ಓಟ, ಭಾರ ಎತ್ತುವುದು ಮೂರು ತಿಂಗಳಾದ ಮೇಲೆ, ಅದೂ ಸೋರುವಿಕೆ ಇಲ್ಲದಿದ್ದರೆ. ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಬೇಕು. ಇಳಿಮುಖವಾಗಿದ್ದ ರಕ್ತಸ್ರಾವ ಮತ್ತೆ ಕೆಂಪಗೆ ಜಾಸ್ತಿಯಾದರೆ ಅವತ್ತು ಅತಿಯಾಯಿತು ಎಂದರ್ಥ, ಮಲಗಬೇಕು. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ತಡೆಯಲಾಗದ ತಲೆನೋವು, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಡೆದರೆ ಹಾಲು ಬತ್ತುತ್ತದೆ ಎಂಬ ಹೆದರಿಕೆ ಬೇಡ. ಅಮೆರಿಕದಲ್ಲಿ ಎದೆಹಾಲುಣಿಸುವ ತಾಯಂದಿರಿಗೆ 12 ವಾರ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನವೊಂದು 1994ರಲ್ಲೇ ಬಂದಿದೆ. ಹಾಲೂ ಕಡಿಮೆಯಾಗಲಿಲ್ಲ, ಮಕ್ಕಳ ತೂಕವೂ ಕಡಿಮೆಯಾಗಲಿಲ್ಲ.

ಹೋದ ವರ್ಷ ತಂಗಿಗೆ ಸಿಸೇರಿಯನ್ ಆಯಿತು. ಅದೇ ಮನೆ, ಅದೇ ಮಂಚ. ಈ ಸಲ ಮಂಚದ ಪಕ್ಕ ಸ್ಟೂಲಿನ ಮೇಲೆ ನೀರಿನ ಚೊಂಬು ಇತ್ತು. ಅಮ್ಮ ದಿನಾ ಸಂಜೆ ಅವಳ ಕೈ ಹಿಡಿದು ಹಿತ್ತಲ ತೆಂಗಿನ ಮರದವರೆಗೆ ನಡೆಸುತ್ತಿದ್ದರು. ಕಿವಿಯ ಹತ್ತಿ ಮಾತ್ರ ತೆಗೆಯಲು ಬಿಡಲಿಲ್ಲ, ಅದಕ್ಕೆ ನಾನೂ ಜಗಳ ಮಾಡಲಿಲ್ಲ. 42ನೇ ದಿನ ಆಶಾ ಅಕ್ಕ ಬಂದರು. ಮಗು ತೂಗಿ, ಬರೆದುಕೊಂಡು, ಪುಸ್ತಕ ಚೀಲಕ್ಕೆ ಹಾಕುವಾಗ ತಂಗಿಯೇ ಕೇಳಿದಳು.

"ಅಕ್ಕಾ, ಕೆಮ್ಮಿದ್ರೆ ಉಚ್ಚೆ ಹೋಗ್ಬಿಡುತ್ತೆ. ಏನು ಮಾಡ್ಲಿ?"

ಆಶಾ ಅಕ್ಕ ಚೀಲ ಕೆಳಗಿಟ್ಟು ಮತ್ತೆ ಕೂತರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಂಗೂ ಎರಡನೇ ಹೆರಿಗೆ ಆದಾಗಿಂದ ಇದೆ ಕಣಮ್ಮ. ಹನ್ನೊಂದು ವರ್ಷ ಆಯ್ತು."

ಮುಂದಿನ ಸೋಮವಾರ ಇಬ್ಬರೂ ಒಂದೇ ಬಸ್ಸಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದರು. ಮಗು ಅಮ್ಮನ ಹತ್ತಿರ ಇತ್ತು.